ರಾಹುಕಾಲ ಯಾವ ಊರಿನದು?

ಪಿಂಪ್ರಿ-ಚಿಂಚವಾಡ ಪರಿಸರದ ತುಳು-ಕನ್ನಡಿಗರ ಮನೆ, ಹೊಟೇಲುಗಳಲ್ಲಿ ಊರಿನ ಕ್ಯಾಲೆಂಡರೂ ಮರಾಠಿ ಕ್ಯಾಲೆಂಡರೂ ಅಕ್ಕಪಕ್ಕದಲ್ಲೇ ತೂಗುತ್ತವೆ. ಗೃಹಪ್ರವೇಶವಿರಲಿ, ಅಂಗಡಿಯ ಶುಭಾರಂಭವಿರಲಿ, ಎರಡೂ ತಾಳೆಯಾಗದೆ ಹಿರಿಯರಿಗೂ ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೂ ಮಾತಿಗೆ ಮಾತು ಬೆಳೆಯುವುದುಂಟು. ಕೊನೆಗೆ ಮಕ್ಕಳು ಇದೆಲ್ಲ ಸುಳ್ಳು ಎಂದು ಕೈಬಿಡುತ್ತಾರೆ. ತಪ್ಪು ಪಂಚಾಂಗದ್ದಲ್ಲ, ಅದನ್ನು ನೋಡುವ ಕ್ರಮದ್ದು.

ಪಂಚಾಂಗದ ದಿನ ಆರಂಭವಾಗುವುದು ಮಧ್ಯರಾತ್ರಿಗಲ್ಲ, ಸೂರ್ಯೋದಯಕ್ಕೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ರಾಹುಕಾಲ. ಸೋಮವಾರಕ್ಕೆ ಎರಡನೆಯ ಪಾಲು. ಹಗಲು ಆರರಿಂದ ಆರರವರೆಗೆ ಎಂದು ಹಿಡಿದರೆ ಅದು 7.30ರಿಂದ 9 ಗಂಟೆ. ಬಹುಮಂದಿ ಬಾಯಿಪಾಠ ಮಾಡಿರುವುದು ಇದನ್ನೇ. ಆದರೆ ಡಿಸೆಂಬರ್ ಮೂರನೇ ವಾರ ಪಿಂಪ್ರಿಯಲ್ಲಿ ಸೂರ್ಯ ಹುಟ್ಟುವುದೇ ಏಳರ ಹೊತ್ತಿಗೆ, ಮುಳುಗುವುದು ಆರರ ಹೊತ್ತಿಗೆ. ಆಗ ಸೋಮವಾರದ ರಾಹುಕಾಲ ಸುಮಾರು 8.25ರಿಂದ 9.45. ರಾಹುಕಾಲ ಕಳೆಯಿತೆಂದು 9.15ಕ್ಕೆ ದೀಪ ಬೆಳಗಿಸಿದವರು ಅದರ ನಡುವೆಯೇ ನಿಂತಿರುತ್ತಾರೆ! ಅದೇ ದಿನ ಮಂಗಳೂರಿನಲ್ಲಿ ಸೂರ್ಯೋದಯ ಕಾಲು ಗಂಟೆಯಷ್ಟು ಬೇಗ. ಕಲಬುರಗಿಯಲ್ಲೂ ಹತ್ತು-ಹದಿನೈದು ನಿಮಿಷ ಮೊದಲೇ.

ತಿಥಿಯ ಮಾತೂ ಹೀಗೆಯೇ. ಚಂದ್ರನು ಸೂರ್ಯನಿಂದ 12 ಡಿಗ್ರಿ ಮುಂದೆ ಸರಿಯುವ ಅವಧಿ ಒಂದು ತಿಥಿ. ಅದು ಸುಮಾರು 19ರಿಂದ 26 ಗಂಟೆಯವರೆಗೆ ಇರುತ್ತದೆ. ಸೂರ್ಯೋದಯದ ವೇಳೆಯ ತಿಥಿಯೇ ಸಾಮಾನ್ಯವಾಗಿ ಆ ದಿನದ ತಿಥಿ. ಸೂರ್ಯೋದಯದ ಅಂಚಿನಲ್ಲೇ ತಿಥಿ ಬದಲಾದರೆ ಒಂದೇ ದಿನಕ್ಕೆ ಎರಡು ಊರಿನಲ್ಲಿ ಎರಡು ತಿಥಿ ಬರಬಹುದು.

ಇನ್ನು ಕೆಲವು ವ್ಯತ್ಯಾಸ ಊರಿನದಲ್ಲ, ಪದ್ಧತಿಯದು. 2025ರಲ್ಲಿ ಮಹಾರಾಷ್ಟ್ರದಲ್ಲಿ ದಹಿಹಂಡಿ ನಡೆದದ್ದು ಆಗಸ್ಟ್ 16ಕ್ಕೆ. ಉಡುಪಿ ಶ್ರೀಕೃಷ್ಣ ಮಠದಲ್ಲಿ ಜನ್ಮಾಷ್ಟಮಿ ಸೆಪ್ಟೆಂಬರ್ 14ಕ್ಕೆ. ಇಲ್ಲಿಯದು ಚಾಂದ್ರಮಾನದ ಶ್ರಾವಣ, ಅಲ್ಲಿಯದು ಸೌರಮಾನದ ಸಿಂಹಮಾಸ. ಎರಡೂ ಸರಿಯೇ, ಬೆರೆಸಿದಾಗಲೇ ಗೊಂದಲ.

ಆದ್ದರಿಂದ ಹಬ್ಬ, ವ್ರತಗಳಿಗೆ ಮನೆತನದ ಪದ್ಧತಿ ಇರಲಿ. ಗಳಿಗೆ ನೋಡುವಾಗ ಮಾತ್ರ ಬದುಕುತ್ತಿರುವ ಊರಿನ ಸೂರ್ಯನನ್ನೇ ನೋಡಬೇಕು. ಸಂಕಷ್ಟಿಯಂದು ಉಪವಾಸ ಬಿಡುವವರು ಊರಿನ ಚಂದ್ರನಿಗೆ ಕಾಯುವುದಿಲ್ಲ, ಚಿಂಚವಾಡದ ಆಕಾಶದಲ್ಲಿ ಮೂಡುವ ಚಂದ್ರನಿಗೇ ಕಾಯುತ್ತಾರೆ. ಸೂರ್ಯನಿಗೂ ಅದೇ ನ್ಯಾಯ.

ಕ್ಯಾಲೆಂಡರ್ ಹೊರತರುವ ಇಲ್ಲಿನ ಸಂಘ-ಸಂಸ್ಥೆಗಳು ಪ್ರತಿ ತಿಂಗಳ ಪುಟದಲ್ಲಿ ಪಿಂಪ್ರಿ-ಚಿಂಚವಾಡದ ಸೂರ್ಯೋದಯ, ಸೂರ್ಯಾಸ್ತದ ವೇಳೆಯನ್ನು ಅಚ್ಚು ಹಾಕಿದರೆ ಉಪಕಾರವಾದೀತು. ಲೆಕ್ಕ ತಿಳಿದ ಮಕ್ಕಳು ಪಂಚಾಂಗವನ್ನು ನಂಬಲಿ, ಬಿಡಲಿ, ತಿಳಿಯದೆ ನಗುವುದಂತೂ ನಿಂತೀತು.