ಟೀ ಶರ್ಟ್: ಬಟ್ಟೆ ಹೊರಗಿನದಾದರೂ ಬೆಲೆ ಇಲ್ಲಿಯದಾಗಲಿ

ಹಂಪಿಯನ್ನು ನೋಡಲು ಬರುವ ಪ್ರವಾಸಿಗರು ನೆನಪಿಗಾಗಿ ಕೊಂಡೊಯ್ಯುವ ವಸ್ತುಗಳಲ್ಲಿ ಟೀ ಶರ್ಟ್ ಮುಖ್ಯವಾದುದು. ಅದು ಹಗುರ, ಒಡೆಯುವ ಭಯವಿಲ್ಲ, ಚೀಲದಲ್ಲಿ ಹೆಚ್ಚು ಸ್ಥಳ ಬೇಡುವುದಿಲ್ಲ. ಆದರೆ ಎದೆಯ ಮೇಲೊಂದು ಕಲ್ಲಿನ ರಥದ ಚಿತ್ರ, ಅದರ ಕೆಳಗೆ ಇಂಗ್ಲಿಷಿನಲ್ಲಿ ಊರಿನ ಹೆಸರು ಇಷ್ಟೇ ಇದ್ದರೆ, ಆ ಸರಕಿಗೂ ಬೇರೆ ಪ್ರವಾಸಿ ತಾಣಗಳ ಸರಕಿಗೂ ಹೆಸರಿನ ಹೊರತು ವ್ಯತ್ಯಾಸವಿರುವುದಿಲ್ಲ. ಬಟ್ಟೆ ಹೊರಗಿನದು, ಹೊಲಿಗೆ ಹೊರಗಿನದು, ಮುದ್ರಣವೂ ಹೊರಗಿನದು ಎಂದಾದರೆ ಸ್ಥಳೀಯ ವರ್ತಕನಿಗೆ ಉಳಿಯುವುದು ಚಿಲ್ಲರೆ ಮಾರಾಟದ ತೆಳುವಾದ ಲಾಭ ಮಾತ್ರ. ಹಂಪಿಯ ಹೆಸರಿನಿಂದ ಹುಟ್ಟುವ ಬೆಲೆಯ ದೊಡ್ಡ ಪಾಲು ಹಂಪಿಯ ಸುತ್ತಮುತ್ತ ನಿಲ್ಲುವುದಿಲ್ಲ. ಈ ಸ್ಥಿತಿ ಬದಲಾಗಬಲ್ಲದೇ ಎಂಬುದನ್ನು ಹೊಸಪೇಟೆ, ಸಂಡೂರು ಮತ್ತು ಕಂಪ್ಲಿಯ ವರ್ತಕರೂ ಸಣ್ಣ ಉದ್ದಿಮೆದಾರರೂ ಗಂಭೀರವಾಗಿ ಯೋಚಿಸಬೇಕಾಗಿದೆ. ಉತ್ತರಕ್ಕೆ ಬೇಕಾದ ಸುಳಿವು ಟೀ ಶರ್ಟಿನ ಇತಿಹಾಸದಲ್ಲಿಯೇ ಇದೆ.

ಒಳ ಉಡುಪಿನಿಂದ ಹೊರ ಉಡುಪಿಗೆ

ಇಂದು ಜಗತ್ತಿನ ಎಲ್ಲ ವರ್ಗದವರೂ ಧರಿಸುವ ಈ ಉಡುಪು ಮೂಲತಃ ಒಂದು ಬನಿಯನ್. 1913ರಲ್ಲಿ ಅಮೆರಿಕದ ನೌಕಾಪಡೆ ತನ್ನ ನಾವಿಕರಿಗೆ ಸಮವಸ್ತ್ರದ ಒಳಗೆ ತೊಡಲು ಗುಂಡಿಯಿಲ್ಲದ, ಅರ್ಧ ತೋಳಿನ ಹತ್ತಿ ಅಂಗಿಯನ್ನು ನೀಡತೊಡಗಿತು. ಹರಡಿ ಇಟ್ಟಾಗ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರ ಕಾಣುವುದರಿಂದ ಅದಕ್ಕೆ ಆ ಹೆಸರು ಬಂದಿತು. ಬನಿಯನ್ ಎಂಬ ಪದದ ಮೂಲವೂ ವರ್ತಕರಿಗೆ ಕುತೂಹಲಕರವಾದುದೇ. ಗುಜರಾತಿನ ವ್ಯಾಪಾರಿಗಳನ್ನು ಸೂಚಿಸುವ ‘ವಾಣಿಯೊ’ ಪದವು ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಉಡುಪಿನ ಹೆಸರಾಗಿ ಮತ್ತೆ ಭಾರತಕ್ಕೆ ಮರಳಿತು.

ಎರಡನೆಯ ಮಹಾಯುದ್ಧದ ನಂತರ ಮನೆಗೆ ಮರಳಿದ ಸೈನಿಕರು ಈ ಅಂಗಿಯನ್ನು ಹೊರ ಉಡುಪಾಗಿಯೂ ಧರಿಸತೊಡಗಿದರು. ಅದಕ್ಕೆ ಫ್ಯಾಷನ್ನಿನ ಪಟ್ಟ ಕಟ್ಟಿದ್ದು ಚಲನಚಿತ್ರ. 1951ರ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ಚಿತ್ರದಲ್ಲಿ ಮಾರ್ಲನ್ ಬ್ರಾಂಡೊ, 1955ರ ‘ರೆಬೆಲ್ ವಿದೌಟ್ ಎ ಕಾಸ್’ ಚಿತ್ರದಲ್ಲಿ ಜೇಮ್ಸ್ ಡೀನ್ ಧರಿಸಿದ ಸಾದಾ ಬಿಳಿ ಟೀ ಶರ್ಟ್ ಯುವಜನರ ಗುರುತಾಯಿತು. ಅಂಗಿಯಲ್ಲಿ ಹೊಸದೇನೂ ಇರಲಿಲ್ಲ. ತೊಟ್ಟವರು ಯಾರು ಎಂಬುದು ಬದಲಾದೊಡನೆ ಅದರ ಬೇಡಿಕೆಯೂ ಬದಲಾಯಿತು.

ಮುಂದಿನ ಹಂತ ಮುದ್ರಣದ್ದು. 1948ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿಯೇ ಟೀ ಶರ್ಟ್ ಪ್ರಚಾರ ಸಾಮಗ್ರಿಯಾಗಿ ಬಳಕೆಯಾಗಿತ್ತು. ಅನಂತರ ಬಟ್ಟೆಯ ಮೇಲೆ ಬಿರುಕು ಬಿಡದೆ ನಿಲ್ಲುವ ಪ್ಲಾಸ್ಟಿಸಾಲ್ ಶಾಯಿ ಬಂದ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಅಗ್ಗವೂ ಸುಲಭವೂ ಆಯಿತು. ಸಂಗೀತ ತಂಡಗಳು, ಕ್ರೀಡಾ ತಂಡಗಳು, ರಾಜಕೀಯ ಚಳವಳಿಗಳು, ಕಂಪನಿಗಳು ಎಲ್ಲವೂ ಮನುಷ್ಯನ ಎದೆಯನ್ನು ಪ್ರಚಾರ ಫಲಕವನ್ನಾಗಿ ಮಾಡಿಕೊಂಡವು. ಅಂದಿನಿಂದ ಟೀ ಶರ್ಟಿನ ಬೆಲೆಯನ್ನು ನಿರ್ಧರಿಸುವುದು ಬಟ್ಟೆಗಿಂತ ಹೆಚ್ಚಾಗಿ ಅದರ ಮೇಲಿರುವ ಚಿತ್ರ ಮತ್ತು ಅಕ್ಷರ. ಈ ಇತಿಹಾಸದಲ್ಲಿ ವ್ಯಾಪಾರಿಗೆ ಅತಿ ಮುಖ್ಯವಾದ ಸಂಗತಿ ಇದೇ.

ಊರಿನ ಹೆಸರೇ ಆಸ್ತಿ

ಇದಕ್ಕೆ ಪ್ರಸಿದ್ಧ ನಿದರ್ಶನ ನ್ಯೂಯಾರ್ಕ್. 1970ರ ದಶಕದಲ್ಲಿ ಆ ನಗರ ಆರ್ಥಿಕ ಸಂಕಷ್ಟದಲ್ಲಿತ್ತು. ಪ್ರವಾಸಿಗರನ್ನು ಆಕರ್ಷಿಸಲು ನ್ಯೂಯಾರ್ಕ್ ರಾಜ್ಯವು 1977ರಲ್ಲಿ ನಡೆಸಿದ ಪ್ರಚಾರಕ್ಕೆ ಕಲಾವಿದ ಮಿಲ್ಟನ್ ಗ್ಲೇಸರ್ ಮೂರು ಅಕ್ಷರಗಳ ನಡುವೆ ಕೆಂಪು ಹೃದಯವಿರುವ ಚಿಹ್ನೆಯನ್ನು ರಚಿಸಿಕೊಟ್ಟರು. ಅದಕ್ಕಾಗಿ ಅವರು ಶುಲ್ಕ ಪಡೆಯಲಿಲ್ಲ. ಇಂದಿಗೂ ಆ ಚಿಹ್ನೆ ಟೀ ಶರ್ಟುಗಳ ಮೇಲೆ ಮಾರಾಟವಾಗುತ್ತಿದೆ. ಅದರ ವ್ಯಾಪಾರ ಮುದ್ರೆಯ ಹಕ್ಕು ರಾಜ್ಯದ ಬಳಿಯಿದ್ದು, ಅಧಿಕೃತ ಬಳಕೆಗೆ ಪರವಾನಗಿ ಬೇಕು. ಊರಿನ ಹೆಸರನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಆದರೆ ಒಳ್ಳೆಯ ವಿನ್ಯಾಸವನ್ನು ರೂಪಿಸಿ, ಹಕ್ಕನ್ನು ಕಾಯ್ದುಕೊಂಡವರಿಗೆ ಮಾತ್ರ ಅದು ಆಸ್ತಿಯಾಗುತ್ತದೆ.

ಹಂಪಿಗೆ ಹೆಸರಿನ ಕೊರತೆಯಿಲ್ಲ. 1986ರಿಂದ ಅದು ಯುನೆಸ್ಕೊ ವಿಶ್ವ ಪರಂಪರೆಯ ತಾಣ. 2017ರಲ್ಲಿ ಬಂದ ಹೊಸ 50 ರೂಪಾಯಿ ನೋಟಿನ ಮೇಲೆ ಕಲ್ಲಿನ ರಥವಿದೆ. ಹೊರಗಿನಿಂದ ಬಂದ ಉಡುಪನ್ನು ತನ್ನದಾಗಿಸಿಕೊಳ್ಳುವುದೂ ಈ ನೆಲಕ್ಕೆ ಹೊಸದಲ್ಲ. ವಿಜಯನಗರದ ಆಸ್ಥಾನಿಕರು ಧರಿಸುತ್ತಿದ್ದ ಕಬಾಯಿ ಎಂಬ ಹೊಲಿದ ನಿಲುವಂಗಿ ಇಸ್ಲಾಮಿ ಜಗತ್ತಿನಿಂದ ಬಂದ ಉಡುಪು. ಅದಕ್ಕೆ ಕುಲ್ಲಾಯಿಯನ್ನು ಜೊತೆಗೂಡಿಸಿ ವಿಜಯನಗರವು ಅದನ್ನು ತನ್ನ ಆಸ್ಥಾನದ ಗುರುತನ್ನಾಗಿ ಮಾಡಿಕೊಂಡಿತು. ಲೇಪಾಕ್ಷಿಯ ವರ್ಣಚಿತ್ರಗಳಲ್ಲಿ ಇಂದಿಗೂ ಅದನ್ನು ಕಾಣಬಹುದು. ಅಂದು ಕಬಾಯಿಗೆ ಸಾಧ್ಯವಾದದ್ದು ಇಂದು ಟೀ ಶರ್ಟಿಗೆ ಅಸಾಧ್ಯವೇನಲ್ಲ.

ಹೆಣಿಗೆಯ ಮೋಹ ಬೇಡ

ಆದರೆ ಉತ್ಸಾಹದಲ್ಲಿ ಎಲ್ಲವನ್ನೂ ಇಲ್ಲಿಯೇ ತಯಾರಿಸಲು ಹೊರಡುವುದು ವಿವೇಕವಾಗದು. ಟೀ ಶರ್ಟಿನದು ನೇಯ್ದ ಬಟ್ಟೆಯಲ್ಲ, ಹೆಣೆದ ಬಟ್ಟೆ. ಹೆಣಿಗೆ, ಬಣ್ಣ, ಕುಗ್ಗದಂತೆ ಹದಗೊಳಿಸುವ ಸಂಸ್ಕರಣೆ, ಹೊಲಿಗೆ ಎಲ್ಲವೂ ತಮಿಳುನಾಡಿನ ತಿರುಪ್ಪೂರಿನಲ್ಲಿ ಹತ್ತಿರ ಹತ್ತಿರದಲ್ಲೇ ದೊರೆಯುತ್ತವೆ. ಅಷ್ಟು ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಸಾದಾ ಟೀ ಶರ್ಟಿನೊಡನೆ ಹೊಸಪೇಟೆಯ ಘಟಕವೊಂದು ದರದಲ್ಲಿ ಸ್ಪರ್ಧಿಸುವುದು ಕಷ್ಟ. ಬಣ್ಣದ ಘಟಕಗಳ ಬೆಲೆಯನ್ನೂ ಮರೆಯಬಾರದು. ನೊಯ್ಯಲ್ ನದಿ ಕಲುಷಿತವಾದ ಕಾರಣ 2011ರಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತ್ತು. ತುಂಗಭದ್ರೆಯ ದಡದಲ್ಲಿ ಅಂಥ ಪ್ರಯೋಗಕ್ಕೆ ಕೈಹಾಕುವ ಅಗತ್ಯವಿಲ್ಲ.

ಆದ್ದರಿಂದ ಸಾದಾ ಟೀ ಶರ್ಟನ್ನು ಸಗಟಾಗಿ ತರಿಸಿ, ವಿನ್ಯಾಸ, ಮುದ್ರಣ, ಕಸೂತಿ ಮತ್ತು ಪ್ಯಾಕಿಂಗ್ ಕೆಲಸಗಳನ್ನು ಇಲ್ಲಿಯೇ ಮಾಡುವುದು ಸೂಕ್ತ ಮಾರ್ಗ. ಇದಕ್ಕೆ ಬಂಡವಾಳ ಕಡಿಮೆ, ನೀರಿನ ಬಳಕೆ ಕಡಿಮೆ, ಉದ್ಯೋಗ ಹೆಚ್ಚು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದು ಪ್ರತ್ಯೇಕ ಸ್ಕ್ರೀನ್ ಬೇಕಾದುದರಿಂದ, ಒಂದೆರಡು ಬಣ್ಣಗಳ ವಿನ್ಯಾಸವನ್ನು ನೂರಾರು ಪ್ರತಿ ಮಾಡುವಾಗ ಅದು ಲಾಭದಾಯಕ. ಹತ್ತಿಪ್ಪತ್ತು ಪ್ರತಿಗಳಷ್ಟೇ ಬೇಕಾದಾಗ ಡಿಜಿಟಲ್ ಮುದ್ರಣ ಅಥವಾ ಫಿಲ್ಮ್ ಮೂಲಕ ಶಾಖದಿಂದ ಅಂಟಿಸುವ ವಿಧಾನ ಅನುಕೂಲ. ಸಬ್ಲಿಮೇಷನ್ ಮುದ್ರಣ ಪಾಲಿಯೆಸ್ಟರ್ ಬಟ್ಟೆಗೆ ಮಾತ್ರ ಒಗ್ಗುವುದರಿಂದ ಅದು ಆಟಗಾರರ ಜೆರ್ಸಿಗೆ ಸರಿಹೋಗುತ್ತದೆ, ಹತ್ತಿಯ ಟೀ ಶರ್ಟಿಗಲ್ಲ. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿ ಸಮೀಪದಲ್ಲೇ ಇರುವುದು ಅನುಕೂಲವೇ ಆದರೂ, ಹಿಗ್ಗುವ ಹೆಣಿಗೆ ಬಟ್ಟೆಗೆ ಓವರ್‌ಲಾಕ್ ಮತ್ತು ಫ್ಲಾಟ್‌ಲಾಕ್ ಯಂತ್ರಗಳೂ ಬೇರೆಯದೇ ಕೈಚಳಕವೂ ಬೇಕು ಎಂಬುದನ್ನು ನೆನಪಿಡಬೇಕು.

ಸಂಡೂರಿನ ಸೂಜಿ, ಕಂಪ್ಲಿಯ ಕಥೆ

ಈ ಭಾಗಕ್ಕೆ ಮಾತ್ರ ಸೇರಿದ, ಬೇರೆ ಊರಿನವರು ನ್ಯಾಯವಾಗಿ ನಕಲು ಮಾಡಲಾಗದ ಒಂದು ಸಂಪತ್ತು ಸಂಡೂರಿನ ಲಂಬಾಣಿ ಕಸೂತಿ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದ ಮೂಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆ ಸಂತೋಷದ ವಿಷಯ. ಆದರೆ ದಾಖಲೆಯ ಮರುದಿನವೂ ಸೂಜಿಗೆ ಕೆಲಸ ಸಿಗಬೇಕು.

ಟೀ ಶರ್ಟಿನ ಹಿಗ್ಗುವ ಬಟ್ಟೆಯ ಮೇಲೆ ನೇರವಾಗಿ ಕಸೂತಿ ಹಾಕಿದರೆ ಸುಕ್ಕುಗಟ್ಟುತ್ತದೆ. ನೇಯ್ದ ಬಟ್ಟೆಯ ಚಿಕ್ಕ ತುಂಡಿನ ಮೇಲೆ ಕಸೂತಿ ಮಾಡಿ, ಅದನ್ನು ಜೇಬಿಗೋ ತೋಳಿಗೋ ಜೋಡಿಸುವುದು ಇದಕ್ಕೆ ಪರಿಹಾರ. ಯಂತ್ರದಲ್ಲಿ ಒಗೆಯುವ ಉಡುಪಿಗೆ ಕನ್ನಡಿ, ಕವಡೆಗಳ ಬದಲು ದಾರದ ಕೆಲಸವೇ ಲೇಸು. ಯಂತ್ರದ ಕಸೂತಿಯನ್ನು ಲಂಬಾಣಿ ಕೈಕೆಲಸವೆಂದು ಹೇಳಿ ಮಾರುವುದಂತೂ ಸಲ್ಲದು. ಅದು ಗ್ರಾಹಕನಿಗೆ ಮಾಡುವ ವಂಚನೆ, ತಾಂಡಾದ ಮಹಿಳೆಯ ಅನ್ನಕ್ಕೆ ಬೀಳುವ ಕಲ್ಲು. ಭೌಗೋಳಿಕ ಸೂಚಕದ ಹೆಸರನ್ನು ಸುಳ್ಳಾಗಿ ಬಳಸುವುದು 1999ರ ಕಾಯಿದೆಯಡಿ ಶಿಕ್ಷಾರ್ಹ ಅಪರಾಧವೂ ಹೌದು.

ಮಾರುಕಟ್ಟೆ ಪ್ರವಾಸಿಗರಿಗಷ್ಟೇ ಸೀಮಿತವೆಂದು ಭಾವಿಸಬೇಕಾಗಿಲ್ಲ. ಕಂಪ್ಲಿಯ ಕಬಡ್ಡಿ ತಂಡಗಳಿಗೆ, ಹೊಸಪೇಟೆಯ ಕಾಲೇಜುಗಳಿಗೆ, ತೋರಣಗಲ್ಲಿನ ಉಕ್ಕು ಕಾರ್ಖಾನೆಯನ್ನು ಅವಲಂಬಿಸಿದ ಸಂಸ್ಥೆಗಳಿಗೆ, ರಾಜ್ಯೋತ್ಸವ ಮತ್ತು ಹಂಪಿ ಉತ್ಸವದ ಸ್ವಯಂಸೇವಕರಿಗೆ ಮುದ್ರಿತ ಟೀ ಶರ್ಟ್ ಬೇಕಾಗುತ್ತದೆ. 2022ರಲ್ಲಿ ಹೊಸಪೇಟೆಯಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪ್ರತಿಮೆ ಅನಾವರಣಗೊಂಡಿತು. ಅಭಿಮಾನವು ಎದೆಯ ಮೇಲಿನ ಚಿತ್ರವಾಗುವ ಪರಿಯನ್ನು ಈ ಊರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ವಿನ್ಯಾಸಕ್ಕೆ ವಸ್ತುವೂ ಧಾರಾಳವಾಗಿದೆ. ಕಂಪ್ಲಿಯ ಕುಮಾರರಾಮನ ಕಥೆ, ತುಂಗಭದ್ರಾ ಜಲಾಶಯದ 33 ಗೇಟುಗಳು, ನದಿಯ ಹರಿಗೋಲು, ಸಂಡೂರಿನ ಬೆಟ್ಟಸಾಲು ಇವೆಲ್ಲವೂ ಚಿತ್ರಕಾರನಿಗಾಗಿ ಕಾದಿವೆ. ಕನ್ನಡ ಲಿಪಿಯ ದುಂಡು ಅಕ್ಷರವೇ ಒಂದು ಚಿತ್ರ. ಅದನ್ನು ಓದಲು ಬಾರದ ಪ್ರವಾಸಿಯೂ ಅದರ ಅಂದಕ್ಕೆ ಮೆಚ್ಚಿ ಕೊಳ್ಳಬಲ್ಲ.

ಕಾನೂನಿನ ಎಚ್ಚರ

ಕಲ್ಲಿನ ರಥದ ಮೇಲೆ ಇಂದು ಯಾರಿಗೂ ಕೃತಿಸ್ವಾಮ್ಯವಿಲ್ಲ. ಆದರೆ ಅದರ ಛಾಯಾಚಿತ್ರ ತೆಗೆದವರಿಗೆ ಆ ಛಾಯಾಚಿತ್ರದ ಮೇಲೆ ಹಕ್ಕಿದೆ. ಅಂತರ್ಜಾಲದಿಂದ ಚಿತ್ರ ತೆಗೆದು ಅಚ್ಚು ಹಾಕುವ ಅಭ್ಯಾಸ ತಪ್ಪು. ಚಿತ್ರನಟರ ಭಾವಚಿತ್ರವನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು ನ್ಯಾಯಾಲಯಗಳು ತಡೆದಿವೆ; 2022ರಲ್ಲಿ ದೆಹಲಿ ಹೈಕೋರ್ಟ್ ಅಮಿತಾಭ್ ಬಚ್ಚನ್ ಅವರ ಪರವಾಗಿ ಇಂಥ ಆದೇಶ ನೀಡಿತು. ಸ್ವಂತ ವಿನ್ಯಾಸ ಮಾಡಿದವರೂ ಜಾಗರೂಕರಾಗಿರಬೇಕು. ಕೃತಿಸ್ವಾಮ್ಯ ಕಾಯಿದೆ 1957ರ 15ನೆಯ ಕಲಮಿನ ಪ್ರಕಾರ, ವಿನ್ಯಾಸ ಕಾಯಿದೆಯಡಿ ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ, ಮಾಲೀಕರು ಅದನ್ನು 50ಕ್ಕಿಂತ ಹೆಚ್ಚು ಬಾರಿ ಕೈಗಾರಿಕಾ ವಿಧಾನದಲ್ಲಿ ತಯಾರಿಸಿದರೆ ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ಆದ್ದರಿಂದ ನೋಂದಣಿ ಮೊದಲು, ಮಾರಾಟ ಆಮೇಲೆ.

ಒಂಟಿಯಾಗಿ ಅಲ್ಲ, ಒಟ್ಟಾಗಿ

ತೆರಿಗೆಯ ದೃಷ್ಟಿಯಿಂದ ಕಾಲ ಅನುಕೂಲವಾಗಿದೆ. ಹಿಂದೆ 1,000 ರೂಪಾಯಿ ಮೀರಿದ ಸಿದ್ಧ ಉಡುಪಿಗೆ ಶೇ. 12ರ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ. 5ರ ದರ ಅನ್ವಯಿಸುತ್ತಿದೆ. ಕೈಕಸೂತಿಯಿರುವ ಬೆಲೆಬಾಳುವ ಟೀ ಶರ್ಟಿಗೆ ಇದರ ಪ್ರಯೋಜನ ಹೆಚ್ಚು. ಪಿಎಂ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ದರ್ಜಿ ವೃತ್ತಿಯೂ ಸೇರಿದ್ದು, ಎರಡು ಹಂತಗಳಲ್ಲಿ ಒಟ್ಟು 3 ಲಕ್ಷ ರೂಪಾಯಿವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ ಪಡೆಯಲು ಅವಕಾಶವಿದೆ. ಸಣ್ಣ ಉದ್ದಿಮೆಗಳ ಸಮೂಹಕ್ಕೆ ಸಾಮಾನ್ಯ ಸೌಲಭ್ಯ ಕೇಂದ್ರ ಸ್ಥಾಪಿಸಲು ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಕ್ಲಸ್ಟರ್ ಯೋಜನೆಯಲ್ಲಿ ಅನುದಾನವೂ ಉಂಟು.

ಒಬ್ಬೊಬ್ಬ ವರ್ತಕನೂ ಮುದ್ರಣ ಯಂತ್ರ ಕೊಳ್ಳುವುದಕ್ಕಿಂತ, ಹೊಸಪೇಟೆಯಲ್ಲಿ ಎಲ್ಲರಿಗೂ ಸೇರಿದ ಒಂದು ಮುದ್ರಣ ಮತ್ತು ವಿನ್ಯಾಸ ಕೇಂದ್ರವಿರುವುದು ಲೇಸು. ಸಗಟು ಖರೀದಿ ಒಟ್ಟಾಗಿ ನಡೆದರೆ ದರ ಇಳಿಯುತ್ತದೆ. ಬಟ್ಟೆಯ ತೂಕ, ಅಳತೆ, ಬಣ್ಣದ ಗಟ್ಟಿತನಕ್ಕೆ ಒಂದೇ ಮಾನದಂಡವಿಟ್ಟು, ಅದಕ್ಕೊಪ್ಪುವ ಸರಕಿಗೆ ಮಾತ್ರ ಸಾಮೂಹಿಕ ಮುದ್ರೆ ನೀಡಬೇಕು. ಒಂದೇ ಒಗೆತಕ್ಕೆ ಬಣ್ಣ ಬಿಡುವ ಟೀ ಶರ್ಟ್ ಕೆಡಿಸುವುದು ಮಾರಿದ ಅಂಗಡಿಯ ಹೆಸರನ್ನಲ್ಲ, ಹಂಪಿಯ ಹೆಸರನ್ನು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಗೆ ತಡೆ ನೀಡಿದಾಗ ಹೊಸಪೇಟೆ ಮತ್ತು ಸಂಡೂರಿನಲ್ಲಿ ಲಾರಿಗಳು ನಿಂತವು, ಅವುಗಳನ್ನು ನಂಬಿದ ವಹಿವಾಟುಗಳೂ ನಿಂತವು. ಒಂದೇ ಸರಕನ್ನು ನಂಬಿದ ಮಾರುಕಟ್ಟೆಯ ಅಪಾಯವೇನೆಂಬುದು ಅಂದು ಎಲ್ಲರಿಗೂ ಅರಿವಾಯಿತು. ಟೀ ಶರ್ಟ್ ಗಣಿಗೆ ಪರ್ಯಾಯವಲ್ಲ. ಆದರೆ ಕಡಿಮೆ ಬಂಡವಾಳದಲ್ಲಿ ದರ್ಜಿ, ಚಿತ್ರಕಾರ, ಮುದ್ರಕ, ಕಸೂತಿಗಾರ್ತಿ, ಅಂಗಡಿಕಾರ ಎಲ್ಲರಿಗೂ ಪಾಲು ನೀಡಬಲ್ಲ ಕಸುಬು. ಅದಿರನ್ನು ಅದಿರಾಗಿಯೇ ಹೊರಗೆ ಕಳಿಸಿ, ಅದರಿಂದಾದ ವಸ್ತುವನ್ನು ಹೆಚ್ಚಿನ ಬೆಲೆಗೆ ಕೊಳ್ಳುವುದು ನಷ್ಟವೆಂಬುದನ್ನು ಈ ಭಾಗದ ವರ್ತಕರು ಬಲ್ಲರು. ಹಂಪಿ ಎಂಬ ಹೆಸರೂ ಅಂಥದೇ ಅದಿರು. ಅದನ್ನು ಇಲ್ಲಿಯೇ ಹದಗೊಳಿಸಿ, ಇಲ್ಲಿಯ ಕೈಗಳಿಂದ ಸರಕಾಗಿಸಿ ಮಾರಲು ವರ್ತಕರೂ ಉದ್ದಿಮೆದಾರರೂ ಒಂದಾಗಿ ಮುಂದೆ ಬರಬೇಕಾಗಿದೆ.