ಏರಿದ ನೆಲದ ಬೆಲೆ ಯಾರ ಪಾಲು?

ಹೊಲವಿದ್ದ ಜಾಗದಲ್ಲಿ ಊರು ಎದ್ದರೆ ನೆಲದ ಬೆಲೆ ಹತ್ತಾರು ಪಟ್ಟು ಏರುತ್ತದೆ. ಏರಿಸಿದವರು ಅಲ್ಲಿ ಬಂದು ನೆಲೆಸಿದವರು, ಅಂಗಡಿ ಇಟ್ಟವರು, ಕಾರ್ಖಾನೆಯಲ್ಲಿ ದುಡಿದವರು. ಲಾಭ ಹೋಗುವುದು ಮಾತ್ರ ಪತ್ರದಲ್ಲಿ ಹೆಸರಿದ್ದವರಿಗೆ. ಇದು ಅನ್ಯಾಯ ಎಂದು ಹೇಳಿದವರು ಬಹಳ ಮಂದಿ. ಲೆಕ್ಕ ಹಾಕಿ ದಾರಿ ತೋರಿಸಿದವರು ಎಬೆನೆಜರ್ ಹೋವರ್ಡ್.

ಹೋವರ್ಡ್ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಶೀಘ್ರಲಿಪಿಕಾರರಾಗಿದ್ದವರು. 1898ರಲ್ಲಿ ಅವರು ಬರೆದ ಪುಸ್ತಕದಿಂದಲೇ ಉದ್ಯಾನ ನಗರಿ ಎಂಬ ಕಲ್ಪನೆ ಜಗತ್ತಿಗೆಲ್ಲ ಹರಡಿತು. ಆದರೆ ಜನ ನೆನಪಿಟ್ಟುಕೊಂಡದ್ದು ಅದರ ಮರಗಳನ್ನು, ಅಗಲ ಬೀದಿಗಳನ್ನು. ಪುಸ್ತಕದಲ್ಲಿ ಅಧ್ಯಾಯದ ಮೇಲೆ ಅಧ್ಯಾಯ ಜಮಾಖರ್ಚಿನದು. ಎಕರೆಗೆ 40 ಪೌಂಡಿನಂತೆ 6,000 ಎಕರೆ ಹೊಲ ಕೊಳ್ಳುವುದು, ಸಾಲಕ್ಕೆ ಶೇ. 4ರ ಬಡ್ಡಿ, 32,000 ಜನರ ಊರು. ನೆಲವನ್ನು ಯಾರಿಗೂ ಮಾರುವಂತಿಲ್ಲ, ಬಾಡಿಗೆಗೆ ಕೊಡಬೇಕು. ಬಂದ ಬಾಡಿಗೆಯಲ್ಲಿ ಬಡ್ಡಿ ಕಟ್ಟಿ, ಅಸಲು ತೀರಿಸಿ, ಉಳಿದದ್ದು ರಸ್ತೆಗೆ, ಶಾಲೆಗೆ, ಉದ್ಯಾನಕ್ಕೆ, ವಯಸ್ಸಾದವರ ಪಿಂಚಣಿಗೆ. ಊರು ಬೆಳೆದಷ್ಟೂ ಬಾಡಿಗೆ ಬೆಳೆಯುತ್ತದೆ, ಬಾಡಿಗೆ ಬೆಳೆದಷ್ಟೂ ಊರಿಗೆ ಹಣ. ಇಷ್ಟೇ ಅವರ ಯೋಜನೆಯ ಜೀವಾಳ.

ಈ ಲೆಕ್ಕವನ್ನು ನೆಲದ ಮೇಲೆ ಇಳಿಸಿದ್ದು 1903ರಲ್ಲಿ, ಲಂಡನ್ನಿನ ಉತ್ತರಕ್ಕಿರುವ ಹರ್ಟ್‌ಫರ್ಡ್‌ಶೈರಿನ ಲೆಚ್‌ವರ್ತ್‌ನಲ್ಲಿ. 3,818 ಎಕರೆ ಕೊಂಡರು. ರೇಮಂಡ್ ಅನ್‌ವಿನ್ ಮತ್ತು ಬ್ಯಾರಿ ಪಾರ್ಕರ್ ನಕ್ಷೆ ಬರೆದರು. ಕೆಂಪು ಹೆಂಚು, ಬಿಳಿ ಗೋಡೆ, ಮುಂದೆ ಹಸಿರು ಬೇಲಿಯ ಮನೆಗಳು ಎದ್ದವು. ಆದರೆ ನೆಲದ ಒಡೆತನ ಇದ್ದದ್ದು ಷೇರು ಮಾರಿ ಹಣ ಕೂಡಿಸಿದ ಒಂದು ಕಂಪನಿಯ ಕೈಯಲ್ಲಿ. ಷೇರುದಾರರಿಗೆ ಶೇ. 5ಕ್ಕಿಂತ ಹೆಚ್ಚು ಲಾಭಾಂಶ ಕೊಡಬಾರದು, ಮಿಕ್ಕದ್ದು ಊರಿಗೆ ಎಂಬ ಕಟ್ಟಳೆ ಇತ್ತು. ಮೊದಲ ಹತ್ತು ವರ್ಷ ಆ ಶೇ. 5ನ್ನು ಮುಟ್ಟುವ ಮಾತೇ ಇರಲಿಲ್ಲ. ಸಾಲದ ಹೊರೆ ಅಷ್ಟಿತ್ತು. ಹಾಗಾಗಿ ಊರಿನವರು ತಮ್ಮ ಪಾಲಿಗಾಗಿ ದಶಕಗಟ್ಟಲೆ ಕಾದರು.

ಪಾಲು ಕೈಗೆ ಬರುವ ಹೊತ್ತಿಗೆ ಬಂದದ್ದು ಬೇರೆಯವರು. 1960–61ರಲ್ಲಿ ಹೋಟೆಲ್ ಯಾರ್ಕ್ ಎಂಬ ಸಂಸ್ಥೆ ಷೇರುಗಳನ್ನು ಕೊಂಡು ಕಂಪನಿಯ ಹಿಡಿತವನ್ನೇ ತನ್ನದಾಗಿಸಿಕೊಂಡಿತು. ಕಾನೂನಿನ ಕಣ್ಣಿಗೆ ಇದರಲ್ಲಿ ತಪ್ಪೇನೂ ಇರಲಿಲ್ಲ. ಅರ್ಧ ಶತಮಾನ ಇಡೀ ಊರು ಕೂಡಿ ಬೆಳೆಸಿದ ಬೆಲೆ ಕೆಲವು ಷೇರು ಪತ್ರಗಳ ಜೊತೆ ಕೈ ಬದಲಾಯಿಸಿತು, ಅಷ್ಟೆ. ನನಗೆ ಈ ಇಡೀ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಪ್ರಸಂಗ. ಹೋವರ್ಡ್ ಕೂಡಿಸಿದ ಜನ ಪ್ರಾಮಾಣಿಕರು, ನಕ್ಷೆ ಚೆನ್ನಾಗಿತ್ತು, ಲೆಕ್ಕವೂ ಕೊನೆಗೆ ಕೂಡಿಬಂದಿತ್ತು. ಬಾಗಿಲಿಗೆ ಬೀಗ ಮಾತ್ರ ಇರಲಿಲ್ಲ. ಒಳ್ಳೆಯ ಮನಸ್ಸಿನವರು ಬರೆದ ಕಟ್ಟಳೆಯನ್ನು ಮುಂದಿನ ಷೇರುದಾರರು ತಿದ್ದಬಹುದಾದರೆ ಅದನ್ನು ನಂಬಿ ಊರು ಕಟ್ಟುವಂತಿಲ್ಲ.

ಲೆಚ್‌ವರ್ತ್‌ನವರು ಸುಮ್ಮನೆ ಕೂರಲಿಲ್ಲ. ಸ್ಥಳೀಯ ಕೌನ್ಸಿಲು, ನಿವಾಸಿಗಳು ಸೇರಿ ಪಾರ್ಲಿಮೆಂಟಿನವರೆಗೂ ಹೋದರು. 1962ರಲ್ಲಿ ಈ ಒಂದು ಊರಿಗಾಗಿಯೇ ಕಾಯಿದೆಯಾಯಿತು. 1963ರ ಜನವರಿ 1ರಂದು ಆಸ್ತಿಯೆಲ್ಲ ಒಂದು ಸಾರ್ವಜನಿಕ ನಿಗಮಕ್ಕೆ ಬಂತು. ಷೇರುದಾರರಿಗೆ ಕೊಟ್ಟ ಪರಿಹಾರದ ಸಾಲ ತೀರಿಸಲು ಮತ್ತೆ ವರ್ಷಗಳು ಹಿಡಿದವು. 1995ರ ಇನ್ನೊಂದು ಕಾಯಿದೆಯಿಂದ ಆಸ್ತಿ ಇಂದಿನ ಹೆರಿಟೇಜ್ ಫೌಂಡೇಶನ್ನಿಗೆ ಹೋಯಿತು. ಇದು ದತ್ತಿ ಸಂಸ್ಥೆ. ಲಾಭ ಹಂಚಿಕೊಳ್ಳುವ ಷೇರುದಾರರೇ ಇಲ್ಲ.

ಹೋವರ್ಡರೇ 1920ರಲ್ಲಿ ಶುರುಮಾಡಿದ ಎರಡನೆಯ ಊರು ವೆಲ್ವಿನ್‌ಗೆ ಈ ಭಾಗ್ಯ ದಕ್ಕಲಿಲ್ಲ. 1948ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು, ಮುಂದೆ ಅಂಗಡಿ–ಕಚೇರಿಗಳ ಆಸ್ತಿ ಮಾರಾಟವಾಯಿತು. ಮರಗಳು ಅಲ್ಲೂ ಇವೆ, ಬೀದಿಗಳು ಅಷ್ಟೇ ಚೆಂದ. ಬಾಡಿಗೆ ಬೇರೆಲ್ಲಿಗೋ ಹೋಗುತ್ತದೆ.

ಲೆಚ್‌ವರ್ತ್‌ನಲ್ಲಿ ಇಂದು ಹಣ ಹೇಗೆ ತಿರುಗುತ್ತದೆ? 1967ರ ಕಾನೂನಿನಿಂದ ಲೀಸಿನ ಮೇಲಿದ್ದ ಮನೆಗಳ ನೆಲವನ್ನು ನಿವಾಸಿಗಳೇ ಕೊಳ್ಳುವ ಹಕ್ಕು ಬಂದ ಮೇಲೆ ಮನೆಗಳ ಆದಾಯ ಕರಗಿತು. ಈಗ ಮುಖ್ಯ ಆಧಾರ ಅಂಗಡಿ, ಕಚೇರಿ, ಕೈಗಾರಿಕಾ ಷೆಡ್ಡು, ಸುತ್ತಲ ಹೊಲಗಳು. ಒಮ್ಮೆ ಹೆಂಗಸರ ಕಾರ್ಸೆಟ್ ತಯಾರಾಗುತ್ತಿದ್ದ ಸ್ಪೈರೆಲ್ಲಾ ಕಾರ್ಖಾನೆ ಪಾಳುಬಿದ್ದಾಗ ಅದನ್ನು ದುರಸ್ತಿ ಮಾಡಿಸಿ ಕಚೇರಿಗಳಿಗೆ ಬಾಡಿಗೆಗೆ ಕೊಟ್ಟರು. ಅಲ್ಲಿ ಬಾಡಿಗೆ ಕಟ್ಟುವ ಕಂಪನಿಗೆ ಗೊತ್ತಿರಲಿ, ಗೊತ್ತಿಲ್ಲದಿರಲಿ, ಆ ಹಣದಲ್ಲಿ ಒಂದು ಪಾಲು ವಯಸ್ಸಾದವರಿಗೆ ಚಿಕಿತ್ಸೆ ಕೊಡುವ ಕೇಂದ್ರಕ್ಕೆ, 1936ರ ಬ್ರಾಡ್‌ವೇ ಚಿತ್ರಮಂದಿರಕ್ಕೆ, ಊರ ಸುತ್ತ ನಡೆಯಲು ಮಾಡಿದ ಹದಿಮೂರು ಮೈಲಿಗೂ ಮಿಕ್ಕಿದ ಹಸಿರು ಹಾದಿಗೆ ಸಲ್ಲುತ್ತದೆ.

ಇದರ ವಿರುದ್ಧ ಹೇಳುವ ಮಾತಿಗೂ ತೂಕವಿದೆ. ಮನೆ ತನ್ನದಾದರೂ ಲೆಚ್‌ವರ್ತ್‌ನ ನಿವಾಸಿ ಮುಂದಿನ ಕಿಟಕಿ ಬದಲಾಯಿಸಬೇಕೆಂದರೆ, ಬೇಲಿ ತೆಗೆದು ಕಾರು ನಿಲ್ಲಿಸಲು ಜಾಗ ಮಾಡಬೇಕೆಂದರೆ ಫೌಂಡೇಶನ್ನಿನ ಒಪ್ಪಿಗೆ ಬೇಕು. ಅದು ಚುನಾಯಿತ ಕೌನ್ಸಿಲ್ಲಲ್ಲ. ಊರಿನ ಉತ್ತರದ ಹೊಲಗಳಲ್ಲಿ ಹೊಸ ಮನೆಗಳು ಏಳಬೇಕೆ ಎಂಬ ವಿಷಯದಲ್ಲೂ ಅದೇ ಭೂಮಾಲೀಕ, ಅದೇ ಊರಿನ ಹಿತಚಿಂತಕ. ಅಂಗಡಿಯವನ ಬಾಡಿಗೆ ಏರಿಸಿದರೆ ದತ್ತಿಗೆ ಹಣ, ಏರಿಸದಿದ್ದರೆ ಪೇಟೆಗೆ ಜೀವ. ಎರಡು ಪಾತ್ರ ಒಬ್ಬರೇ ವಹಿಸಿದಾಗ ತೀರ್ಮಾನ ಕಷ್ಟ. ನನ್ನ ಮಟ್ಟಿಗೆ, ಇದಕ್ಕೆ ಪರಿಹಾರ ಆಸ್ತಿಯನ್ನು ಮಾರಿಬಿಡುವುದಲ್ಲ, ನಿವಾಸಿಗಳಿಗೆ ಆಡಳಿತದಲ್ಲಿ ಗಟ್ಟಿ ದನಿ ಕೊಡುವುದು. ಯಾಕೆಂದರೆ ಫೌಂಡೇಶನ್ ಖರ್ಚು ಮಾಡುವುದು ಯಾವ ಶ್ರೀಮಂತನ ಕೊಡುಗೆಯನ್ನೂ ಅಲ್ಲ, ಊರಿನವರೇ ಹುಟ್ಟಿಸಿದ ಬೆಲೆಯನ್ನು. ಅದರ ಲೆಕ್ಕ ಕೇಳುವ ಅಧಿಕಾರ ಅವರಿಗಿದೆ.

ನೆಲವನ್ನು ಮಾರದೆ ಉಳಿಸಿಕೊಂಡು ಅದರ ಆದಾಯವನ್ನು ಜನರಿಗೆ ಬಳಸುವ ತತ್ವ ಕನ್ನಡಿಗರಿಗೆ ಹೊಸದಲ್ಲ. ಲೆಚ್‌ವರ್ತ್ ಹುಟ್ಟಿದ 1903ರಲ್ಲೇ ಬೆಂಗಳೂರಿನ ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಛತ್ರ ಬಾಗಿಲು ತೆರೆಯಿತು. ಅವರ ಹೆಸರಿನ ದತ್ತಿ ಸಂಸ್ಥೆ ಮುಂದೆ ಪಕ್ಕದಲ್ಲೇ ಹೋಟೆಲು ಕಟ್ಟಿಸಿದ್ದು ವಿದ್ಯಾರ್ಥಿಗಳ ಉಚಿತ ಹಾಸ್ಟೆಲ್ಲಿಗೆ ಆದಾಯ ಬರಲೆಂದು. ಮೆಜೆಸ್ಟಿಕ್ಕಿನ ಆ ನೆಲವನ್ನು ಮಾರಿದ್ದರೆ ಒಮ್ಮೆ ದೊಡ್ಡ ಮೊತ್ತ ಸಿಗುತ್ತಿತ್ತು. ಉಳಿಸಿಕೊಂಡದ್ದರಿಂದ ತಲೆಮಾರುಗಳ ಹುಡುಗರು ಓದಿದರು. ಆದರೆ ಉದ್ಯಾನ ನಗರಿ ಎಂದು ಕರೆಸಿಕೊಂಡ ಅದೇ ಬೆಂಗಳೂರಿನಲ್ಲಿ ಬಡಾವಣೆ ಮಾಡುವ ಪ್ರಾಧಿಕಾರ ಮೂಲೆ ಸೈಟುಗಳನ್ನು ಹರಾಜು ಹಾಕುತ್ತದೆ. ಹಣ ಒಮ್ಮೆ ಬರುತ್ತದೆ. ಮುಂದಿನ ಐವತ್ತು ವರ್ಷ ಆ ಮೂಲೆಯ ಬೆಲೆ ಏರಿದರೂ ಎದುರಿನ ಪಾರ್ಕಿಗೆ, ಕೆಳಗಿನ ಕೆರೆಗೆ ಅದರಲ್ಲಿ ಪಾಲಿಲ್ಲ.

ಹೊಸ ಬಡಾವಣೆಗಳಲ್ಲಿ ವ್ಯಾಪಾರದ ಸೈಟುಗಳನ್ನಷ್ಟಾದರೂ ಮಾರದೆ ಲೀಸಿಗೆ ಕೊಡಬಹುದು. ಬಾಡಿಗೆ ಆ ಬಡಾವಣೆಯ ಹೆಸರಿನ ಖಾತೆಗೇ ಬರಬೇಕು, ಖಾತೆ ನೋಡಿಕೊಳ್ಳುವವರಲ್ಲಿ ಅಲ್ಲಿನ ನಿವಾಸಿಗಳು ಇರಬೇಕು. ಆಸ್ತಿಯನ್ನು ಮುಂದೆ ಯಾರೂ ಪರಭಾರೆ ಮಾಡದಂತೆ ಕಾಯಿದೆಯಲ್ಲೇ ಕಟ್ಟಿಹಾಕುವುದು ಮೊದಲ ದಿನವೇ ಆಗಬೇಕಾದ ಕೆಲಸ. ಲೆಚ್‌ವರ್ತ್‌ಗೆ ಅದು ದೊರೆಯಲು ಅರವತ್ತು ವರ್ಷ ಬೇಕಾಯಿತು.