ಕ್ಯಾನ್ಸರ್ ಸಂಶೋಧನೆಗೆ ಲೆಕ್ಕ ಬಲ್ಲವರೂ ಬೇಕು



ಕ್ಯಾನ್ಸರ್ ಸಂಶೋಧನೆಯೆಂದರೆ ಪ್ರಯೋಗಾಲಯ ಮತ್ತು ಔಷಧ ಎಂಬ ಭಾವನೆ ಬಲವಾಗಿರುವುದರಿಂದ, ರೋಗಿಗಳ ಮಾಹಿತಿಯನ್ನು ಗಣಿತದ ಒರೆಗೆ ಹಚ್ಚುವ ಜೈವಿಕ ಸಂಖ್ಯಾಶಾಸ್ತ್ರ ಚರ್ಚೆಗೆ ಬರುವುದೇ ಅಪರೂಪ. ಐದು ವರ್ಷಗಳ ಅಧ್ಯಯನವೊಂದರಲ್ಲಿ 14ನೆಯ ತಿಂಗಳಿಗೆ ಊರಿಗೆ ಹೋದ ರೋಗಿ ಮತ್ತೆ ಆಸ್ಪತ್ರೆಯತ್ತ ಸುಳಿಯಲಿಲ್ಲ ಎಂದಿಟ್ಟುಕೊಂಡರೆ, ಆಕೆಯನ್ನು ಬದುಕಿದವರ ಪಟ್ಟಿಗೆ ಸೇರಿಸಿದರೂ ತಪ್ಪು, ಸತ್ತವರ ಪಟ್ಟಿಗೆ ಸೇರಿಸಿದರೂ ತಪ್ಪು, ಕೈಬಿಟ್ಟರಂತೂ ಆ 14 ತಿಂಗಳ ಸಾಕ್ಷ್ಯವೇ ವ್ಯರ್ಥ. ಹೀಗೆ ನಡುವೆ ತುಂಡಾದ ಮಾಹಿತಿಗೆ 'ಸೆನ್ಸಾರ್ ಆದ' ಮಾಹಿತಿ ಎಂದು ಹೆಸರು (ಸಿನಿಮಾದ ಸೆನ್ಸಾರಿಗೂ ಇದಕ್ಕೂ ನಂಟಿಲ್ಲ). ಅದನ್ನೂ ಬಳಸಿಕೊಂಡು ಬದುಕುಳಿಯುವ ಸಂಭವವನ್ನು ಅಂದಾಜಿಸುವ ವಿಧಾನವನ್ನು ಕ್ಯಾಪ್ಲನ್ ಮತ್ತು ಮೈಯರ್ 1958ರಲ್ಲಿ ಪ್ರಕಟಿಸಿದರು. ಆದರೆ ಬರುವುದನ್ನು ನಿಲ್ಲಿಸಿದವರ ಸ್ಥಿತಿ ಉಳಿದವರಂತೆಯೇ ಇರುತ್ತದೆಂಬ ಊಹೆಯ ಮೇಲೆ ಆ ವಿಧಾನ ನಿಂತಿದ್ದು, ಬಸ್ ಖರ್ಚಿಗೆ ಹಣವಿಲ್ಲದೆಯೋ ರೋಗ ಉಲ್ಬಣಿಸಿಯೋ ರೋಗಿ ಮರೆಯಾಗುವ ಕಡೆ ಊಹೆಯೇ ಕುಸಿಯುತ್ತದೆ.

ಪಿಎಚ್‌ಡಿ ಮುಗಿಸಿದವರು ಮಾರ್ಗದರ್ಶಕರೊಂದಿಗೆ ಕೆಲವು ವರ್ಷ ನಡೆಸುವ ಪೋಸ್ಟ್‌ಡಾಕ್ಟರಲ್ ಸಂಶೋಧನೆಗೆ ಇದಕ್ಕಿಂತ ಯೋಗ್ಯವಾದ ಸಮಸ್ಯೆ ಸಿಗಲಾರದು. ಅದಕ್ಕೆ ಬೇಕಾದ ನೆಲೆಯೂ ನಮ್ಮಲ್ಲಿದೆ: ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ನೋಂದಣಿ 1982ರಿಂದ ನಡೆದುಬಂದಿದೆ; ದೇಶದ ನೋಂದಣಿಗಳನ್ನು ಸಮನ್ವಯಗೊಳಿಸುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವೂ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಒಂದು ಕೇಂದ್ರವೂ ಬೆಂಗಳೂರಿನಲ್ಲೇ ಇವೆ. ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದವರನ್ನು ಆಸ್ಪತ್ರೆಯ ದಾಖಲೆಗಳ ನಡುವೆಯೇ ಕೂರಿಸುವ, ಕನಿಷ್ಠ ಮೂರು ವರ್ಷಗಳ ಫೆಲೋಶಿಪ್ಪುಗಳನ್ನು ಈ ಸಂಸ್ಥೆಗಳು ಜಂಟಿಯಾಗಿ ರೂಪಿಸುವುದು ಅಗತ್ಯ. ಏಕೆಂದರೆ ಐದು ವರ್ಷಗಳ ಬದುಕುಳಿವನ್ನು ಅಳೆಯಬೇಕಾದ ಕೆಲಸಕ್ಕೆ ಒಂದು ವರ್ಷದ ಗುತ್ತಿಗೆ ಯಾವ ಲೆಕ್ಕಕ್ಕೂ ಸಾಲದು.

— ಓದುಗರೊಬ್ಬರು, ಮೈಸೂರು